ಗಾಣದ ವ್ಯಾಪಾರ, ಮನೆಯ ಹೊತ್ತು: ನಾವು ನಡೆಸುವ ಕ್ರಮ

ದಾವಣಗೆರೆಯಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತು, ಒಬ್ಬ ಹುಡುಗನನ್ನು ಕೆಲಸಕ್ಕಿಟ್ಟುಕೊಂಡು ಒಂದು ಮರದ ಗಾಣ ನಡೆಸುತ್ತೇವೆ. ಮುಖ್ಯವಾಗಿ ಶೇಂಗಾ ಎಣ್ಣೆ, ಜೊತೆಗೆ ಸ್ವಲ್ಪ ಕುಸುಬೆ, ಕೊಬ್ಬರಿ. ಈ ಕೆಲಸಕ್ಕೆ ಇಳಿಯಬೇಕೆಂದು ವಿಚಾರಿಸಲು ಬರುವವರು ಮಷಿನ್ ಎಲ್ಲಿ ಸಿಗುತ್ತದೆ, ಕ್ವಿಂಟಲ್‌ಗೆ ಎಷ್ಟು ಎಣ್ಣೆ ಬೀಳುತ್ತದೆ ಎಂದು ಕೇಳುತ್ತಾರೆ. ಮನೆ ಹೇಗೆ ನಡೆಯುತ್ತದೆ ಎಂದು ಕೇಳುವವರು ಕಡಿಮೆ. ಮನೆಮಂದಿಯೇ ಕೈಹಚ್ಚುವ ವ್ಯಾಪಾರದಲ್ಲಿ ಇವೆರಡನ್ನೂ ಒಟ್ಟಿಗೆ ಕೂರಿಸಿ ಲೆಕ್ಕ ಹಾಕಬೇಕು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಹಾಗಾಗಿ ಎಣ್ಣೆಯ ಲೆಕ್ಕವನ್ನೂ ಮನೆಯ ಲೆಕ್ಕವನ್ನೂ ಬೇರೆ ಮಾಡದೆ ಬರೆಯುತ್ತಿದ್ದೇವೆ.

ಕೊನೆಯ ಬ್ಯಾಚ್ ಎಷ್ಟು ಗಂಟೆಗೆ

ನಮ್ಮ ಒರಳಿಗೆ ಒಂದು ಸಲಕ್ಕೆ 20 ಕೆ.ಜಿ. ಶೇಂಗಾ ಬೀಜ ಹಿಡಿಯುತ್ತದೆ. ಎಣ್ಣೆ ಪೂರ್ತಿ ಬಿಡಲು 45 ನಿಮಿಷ, ಹಿಂಡಿ ತೆಗೆದು ಒರಳು ಕೆರೆದು ಮತ್ತೆ ತುಂಬಲು 10ರಿಂದ 15 ನಿಮಿಷ. ಒಟ್ಟು ಒಂದು ತಾಸು ಎಂದೇ ಇಟ್ಟುಕೊಳ್ಳಿ. 20 ಕೆ.ಜಿ.ಗೆ ಸುಮಾರು 8 ಕೆ.ಜಿ. ಎಣ್ಣೆ ಬರುತ್ತದೆ. ಲೀಟರ್ ಶೇಂಗಾ ಎಣ್ಣೆ 910 ಗ್ರಾಂ ತೂಗುವುದರಿಂದ, ಗಸಿ ಕಳೆದು ಕೈಗೆ ಸಿಗುವುದು 8 ಲೀಟರ್‌ಗಿಂತ ತುಸು ಹೆಚ್ಚು. ಹಿಂಡಿ 11 ಕೆ.ಜಿ. ಮೇಲೆ.

ಒಮ್ಮೆ ಹಾಕಿದ ಗಾಣವನ್ನು ನಡುವೆ ಬಿಟ್ಟು ಏಳುವಂತಿಲ್ಲ. ಅರ್ಧ ಅರೆದ ಮುದ್ದೆ ತಣ್ಣಗಾದರೆ ಒರಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟಾರು ಎಳೆಯದೆ ಬೆಲ್ಟ್ ಜಾರುತ್ತದೆ, ಮುದ್ದೆಯನ್ನು ಕೈಯಿಂದ ಕೆತ್ತಿ ತೆಗೆಯಬೇಕಾಗುತ್ತದೆ, ಆ ಎಣ್ಣೆಗೆ ಕಮಟು ವಾಸನೆಯೂ ಹತ್ತುತ್ತದೆ. ಆದ್ದರಿಂದ ಅಂಗಡಿ ಮುಚ್ಚುವ ಹೊತ್ತಿಗಿಂತ ಕೊನೆಯ ಬ್ಯಾಚ್ ಹಾಕುವ ಹೊತ್ತನ್ನು ಗೋಡೆಗೆ ಬರೆಯಿರಿ. ನಮ್ಮಲ್ಲಿ ಬೆಳಿಗ್ಗೆ 9.30ಕ್ಕೆ ಮೊದಲನೆಯದು, ಮಧ್ಯಾಹ್ನ 1.30ಕ್ಕೆ ಐದನೆಯದು, ಅದೇ ಕೊನೆ. ಶಾಲೆಯಿಂದ ಮಕ್ಕಳು ಬರುವ 4 ಗಂಟೆಯೊಳಗೆ ಒರಳು ಒರೆಸಿ, ಹಿಂಡಿ ಚೀಲ ಕಟ್ಟಿ, ಕೈಕಾಲು ತೊಳೆದಾಗಿರುತ್ತದೆ. ಆಮೇಲೆ ಸಂಜೆ 7ರವರೆಗೆ ಮಾರಾಟ ಮಾತ್ರ. ಅದನ್ನು ಒಬ್ಬರೇ ನೋಡಿಕೊಳ್ಳಬಹುದು, ಇನ್ನೊಬ್ಬರು ಮನೆಗೆ.

ಗಿರಾಕಿ ಹೆಚ್ಚಾದಾಗ ರಾತ್ರಿ ಇನ್ನೆರಡು ಬ್ಯಾಚ್ ಹಾಕೋಣ ಅನ್ನಿಸುವುದು ಸಹಜ. ಹಾಕಬೇಡಿ. ಗಾಣದಿಂದ ಇಳಿದ ಎಣ್ಣೆ ಎರಡು ಮೂರು ದಿನ ಸ್ಟೀಲ್ ಡ್ರಮ್ಮಿನಲ್ಲಿ ಬಟ್ಟೆ ಕಟ್ಟಿ ತಿಳಿಯಾಗಲು ಬಿಡಬೇಕು. ರಾತ್ರಿ 8ಕ್ಕೆ ಹಾಕಿದ ಬ್ಯಾಚು ನಾಳೆಯ ಗಿರಾಕಿಗೆ ಸಿಗುವುದೇ ಇಲ್ಲ. ಗಸಿ ಇರುವಾಗಲೇ ಬಾಟಲಿಗೆ ತುಂಬಿಕೊಟ್ಟರೆ ಒಲೆಯ ಮೇಲೆ ನೊರೆ ಉಕ್ಕುತ್ತದೆ, ತಳ ಹತ್ತುತ್ತದೆ, ವಾರದಲ್ಲಿ ಬಾಟಲಿ ವಾಪಸ್ ಬರುತ್ತದೆ.

ಬೀಜದ ಹದ ತಪ್ಪಿದ ದಿನವೇ ಸಂಜೆ ಕೈತಪ್ಪುವುದು. ತೀರಾ ಒಣಗಿದ ಬೀಜ ಪುಡಿಯಾಗಿ ಸುತ್ತುತ್ತದೆ, ಎಣ್ಣೆ ಒಡೆಯುವುದಿಲ್ಲ. ತೇವ ಜಾಸ್ತಿಯಾದರೆ ಅಂಟು ಮುದ್ದೆಯಾಗಿ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಎರಡರಲ್ಲೂ 45 ನಿಮಿಷದ ಕೆಲಸ ಒಂದೂವರೆ ತಾಸಿಗೆ ಹೋಗುತ್ತದೆ. 20 ಕೆ.ಜಿ.ಗೆ ಉಗುರುಬೆಚ್ಚಗಿನ ನೀರು ಕಾಲು ಲೀಟರ್ ಒಳಗೆ, ಒಮ್ಮೆಲೇ ಸುರಿಯದೆ ಮೊದಲ ಹತ್ತು ನಿಮಿಷದಲ್ಲಿ ಮೂರು ನಾಲ್ಕು ಸಲ ಚಿಮುಕಿಸಿ. ಬಿರುಬೇಸಗೆಯಲ್ಲಿ ತುಸು ಹೆಚ್ಚು, ಜಡಿಮಳೆಯಲ್ಲಿ ಅರ್ಧಕ್ಕಿಂತ ಕಡಿಮೆ. ಈ ಹದವನ್ನು ಕೆಲಸದ ಹುಡುಗನಿಗೆ ಕಲಿಸುವುದಕ್ಕೆ ಕೊಟ್ಟಷ್ಟು ತಾಳ್ಮೆಯನ್ನು ಬೇರೆ ಯಾವುದಕ್ಕೂ ನಾವು ಕೊಟ್ಟಿಲ್ಲ. ಒನಕೆಯ ಸದ್ದು ಕೇಳಿ ಹದ ಹೇಳುವಷ್ಟು ಅವನು ತಯಾರಾದರೆ, ಮನೆಯಲ್ಲಿ ಜ್ವರ ಬಂದ ದಿನ ಗಾಣದ ಹತ್ತಿರ ನೀವಿರಲೇಬೇಕೆಂದಿಲ್ಲ. ನೀರಿನ ಅಳತೆ, ಬ್ಯಾಚಿನ ಹೊತ್ತು, ಬೆಲ್ಟ್ ಜಾರಿದರೆ ಮೊದಲು ಏನು ಮುಟ್ಟಬೇಕು, ಏನು ಮುಟ್ಟಬಾರದು, ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಸ್ವಿಚ್ ಬೋರ್ಡ್ ಪಕ್ಕ ಅಂಟಿಸಿ.

ಬೆಸ್ಕಾಂನವರು ನಿರ್ವಹಣೆಗೆಂದು ಕರೆಂಟ್ ತೆಗೆಯುವ ದಿನ ಮುಂಚೆಯೇ ಪತ್ರಿಕೆಯಲ್ಲಿ ಬರುತ್ತದೆ. ಆ ದಿನ ಬಾಟಲಿ ತುಂಬುವುದು, ಲೇಬಲ್ ಅಂಟಿಸುವುದು. ಹೇಳದೆ ಕೇಳದೆ ಹೋದರೆ ಒನಕೆಯ ಮೇಲಿನ ಭಾರ ಸಡಿಲಿಸಿಡಿ. ಕರೆಂಟ್ ಬಂದಾಗ ಕೈಯಿಂದ ಒಂದು ಸುತ್ತು ತಿರುಗಿಸಿ ಆಮೇಲೆ ಸ್ವಿಚ್ ಹಾಕಿ.

ಲೇಬಲ್ ಮೇಲಿನ ನಂಬರ್

ಪ್ಯಾಕ್ ಮಾಡಿ ಮಾರುವ ಎಣ್ಣೆಯ ಲೇಬಲ್ ಮೇಲೆ ನಿವ್ವಳ ಪ್ರಮಾಣ, ತಯಾರಿಸಿದ ದಿನ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪ್ರಾಧಿಕಾರದ) ನಂಬರ್, ವಿಳಾಸದ ಜೊತೆಗೆ ಗ್ರಾಹಕರ ದೂರಿಗೆ ಒಂದು ಫೋನ್ ನಂಬರ್ ಕೂಡ ಹಾಕಲೇಬೇಕು. ಹೆಚ್ಚಿನವರು ಕೈಯಲ್ಲಿರುವ ತಮ್ಮ ಸ್ವಂತ ನಂಬರನ್ನೇ ಪ್ರಿಂಟ್ ಹಾಕಿಸಿಬಿಡುತ್ತಾರೆ. ಸಾವಿರಾರು ಬಾಟಲಿ ಊರೆಲ್ಲ ಹರಡಿದ ಮೇಲೆ ಅದನ್ನು ಬದಲಿಸುವುದು ಸುಲಭವಲ್ಲ. ರಾತ್ರಿ ಹತ್ತಕ್ಕೂ "ಅಣ್ಣಾ, ಐದು ಲೀಟರ್ ಇದೆಯಾ?" ಎಂದು ಫೋನ್ ಬರುತ್ತದೆ, ಮಕ್ಕಳ ಶಾಲೆಯವರು ಮಾಡುವ ಫೋನೂ ಅದೇ ನಂಬರಿಗೆ. ಮೊದಲ ಲೇಬಲ್ ಪ್ರಿಂಟಿಗೆ ಕೊಡುವ ಮುಂಚೆಯೇ ಹೊಸ ಸಿಮ್ ತೆಗೆದುಕೊಂಡು, ಹಳೆಯದೊಂದು ಫೋನಿಗೆ ಹಾಕಿ, ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ವ್ಯಾಪಾರದ ವೇಳೆಯನ್ನೂ, ಅಂಗಡಿ ಮುಚ್ಚಿದಾಗ ತಾನಾಗಿ ಹೋಗುವ ಉತ್ತರವನ್ನೂ ಅದರಲ್ಲೇ ಹೊಂದಿಸಿಡಬಹುದು. ನಮ್ಮ ಉತ್ತರ ಇಷ್ಟೇ: "ಆರ್ಡರ್ ಬರೆದುಕೊಂಡಿದ್ದೇವೆ, ಬೆಳಿಗ್ಗೆ 9.30ಕ್ಕೆ ತಿಳಿಸುತ್ತೇವೆ." ಆ ಫೋನ್ ರಾತ್ರಿ ಅಂಗಡಿಯ ಡ್ರಾದಲ್ಲೇ ಇರುತ್ತದೆ. ಕ್ಯೂಆರ್ ಕೋಡ್ ಕೂಡ ವ್ಯಾಪಾರದ ಕರೆಂಟ್ ಅಕೌಂಟಿಗೆ, ಇದೇ ನಂಬರಿಗೆ ಜೋಡಿಸಿದ್ದಿರಲಿ.

ಗಾಣ ಮನೆಯ ಕೆಳಗಿದ್ದರೆ ಮನೆಯ ಬಾಗಿಲಿಗೂ ಅಂಗಡಿಯ ಶಟರಿಗೂ ದಾರಿ ಬೇರೆ ಇರಬೇಕು. ಕರೆಗಂಟೆ ಮನೆಗೆ ಮಾತ್ರ. ಮನೆಗೆ ತಲುಪಿಸುವ ಕೆಲಸವನ್ನು ಬಡಾವಣೆಗೊಂದು ದಿನ ಎಂದು ಹಂಚಿದ್ದೇವೆ: ಬುಧವಾರ ವಿದ್ಯಾನಗರ, ನಿಟುವಳ್ಳಿ ಕಡೆ, ಶನಿವಾರ ಪಿ.ಜೆ. ಬಡಾವಣೆ, ವಿನೋಬನಗರ ಕಡೆ. ಕೇಳಿದವರಿಗೆಲ್ಲ ಕೇಳಿದಾಗ ಬೈಕ್ ಹತ್ತಿದರೆ ವಾರದ ಆರು ಸಂಜೆಯೂ ಬೀದಿಯಲ್ಲೇ ಮುಗಿಯುತ್ತವೆ. ಎಣ್ಣೆ ಹಾಲಿನಂತೆ ದಿನದ ಸರಕಲ್ಲ, ಮೂರು ದಿನ ಮುಂಚೆ ಹೇಳಿ ಎಂದರೆ ಜನ ಹೇಳುತ್ತಾರೆ.

ಸುಗ್ಗಿ ಖರೀದಿ ಮತ್ತು ಹಬ್ಬ

ವರ್ಷದಲ್ಲಿ ಮನೆಗೆ ನಿಜವಾಗಿ ಕಷ್ಟ ಕೊಡುವುದು ಅಕ್ಟೋಬರ್‌ನಿಂದ ಡಿಸೆಂಬರ್. ಚಳ್ಳಕೆರೆ ಭಾಗದ ಮುಂಗಾರು ಶೇಂಗಾ ಎಪಿಎಂಸಿಗೆ ಬರುವುದು ಆಗ, ದಸರಾ ದೀಪಾವಳಿ ಆಗ, ಎಣ್ಣೆಗೆ ಗಿರಾಕಿ ಏರುವುದೂ ಆಗಲೇ. ದಾವಣಗೆರೆಯಿಂದ ಚಿತ್ರದುರ್ಗದ ಮೇಲೆ ಚಳ್ಳಕೆರೆಗೆ ಸುಮಾರು 90 ಕಿ.ಮೀ. ಮಾದರಿ ನೋಡಿ, ದರ ನಿಂತು, ತೂಕವಾಗಿ, ಹಮಾಲರು ಲಾರಿಗೆ ಏರಿಸುವಷ್ಟರಲ್ಲಿ ಹಗಲು ಮುಗಿದಿರುತ್ತದೆ.

ಕಾಯಿ ಕೊಳ್ಳುವುದೋ, ಸುಲಿದ ಬೀಜ ಕೊಳ್ಳುವುದೋ ಎಂಬ ಪ್ರಶ್ನೆಯನ್ನು ಬರೀ ದರದಿಂದ ತೀರ್ಮಾನ ಮಾಡಬೇಡಿ. ದಿನಕ್ಕೆ 5 ಬ್ಯಾಚ್, ತಿಂಗಳಿಗೆ 24 ದಿನ ಎಂದರೆ 2,400 ಕೆ.ಜಿ. ಬೀಜ ಬೇಕು. ಕ್ವಿಂಟಲ್ ಕಾಯಿಗೆ 68ರಿಂದ 70 ಕೆ.ಜಿ. ಬೀಜ ಸಿಗುತ್ತದೆ. ಮೂರು ತಿಂಗಳಿಗೆಂದು ಕಾಯಿ ತಂದರೆ ಸುಮಾರು 105 ಕ್ವಿಂಟಲ್, ಚೀಲಕ್ಕೆ 40 ಕೆ.ಜಿ. ಹಿಡಿದರೂ 260 ದಾಟುತ್ತದೆ. ಇಷ್ಟು ಚೀಲ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಇರಬೇಕು, ಇಲ್ಲದಿದ್ದರೆ ಸಿಮೆಂಟ್ ನೆಲದ ತೇವ ಕೆಳಗಿನ ಸಾಲಿಗೆ ಏರಿ ಬೂಷ್ಟು ಹಿಡಿಯುತ್ತದೆ. ಬೇರೆ ಗೋದಾಮು ಇಲ್ಲದಿದ್ದರೆ ಚೀಲಗಳು ಪಡಸಾಲೆಗೆ, ಮೆಟ್ಟಿಲಿಗೆ ಬಂದು ಕೂರುತ್ತವೆ, ಮಕ್ಕಳು ಓದುವ ಜಾಗ ಹೋಗುತ್ತದೆ. ಜೊತೆಗೆ ಮನೆಯ ಕೈಗಾಸೆಲ್ಲ ಚೀಲದಲ್ಲೇ ಸಿಕ್ಕಿಕೊಂಡು, ದೀಪಾವಳಿಯ ಬಟ್ಟೆಗೂ ಯೋಚಿಸಬೇಕಾಗುತ್ತದೆ.

ಬೀಜವನ್ನು ತಿಂಗಳು ತಿಂಗಳು ಕೊಂಡರೆ ಕೆ.ಜಿ.ಗೆ ಹೆಚ್ಚು ಕೊಡಬೇಕು, ನಿಜ. ಆ ಹೆಚ್ಚಳವನ್ನು 2,400ರಿಂದ ಗುಣಿಸಿ ಒಂದು ಕಡೆ ಬರೆಯಿರಿ. ಇನ್ನೊಂದು ಕಡೆ ಗೋದಾಮಿನ ಬಾಡಿಗೆ, ಸಿಕ್ಕಿಕೊಂಡ ಹಣದ ಬಡ್ಡಿ, ಸುಲಿಸುವ ಕೂಲಿ, ಹುಳ ಬಿದ್ದು ಹೋಗುವ ಚೀಲ, ಮತ್ತು ಮರೆಯದೆ ನಿಮ್ಮಿಬ್ಬರ ದಿನಗೂಲಿ. ಮನೆಯಲ್ಲಿ ಚಿಕ್ಕ ಮಕ್ಕಳೋ ಹಾಸಿಗೆ ಹಿಡಿದ ಹಿರಿಯರೋ ಇದ್ದರೆ ಬೀಜವೇ ಸರಿ ಎಂದು ನಾವು ಹೇಳುತ್ತೇವೆ. ಮಕ್ಕಳು ದೊಡ್ಡವರಾಗಿ, ಗೋದಾಮು ಸಿಕ್ಕಮೇಲೆ ಕಾಯಿಗೆ ಹೋಗಬಹುದು.

ಯಾವುದನ್ನೇ ಕೊಂಡರೂ ಪರೀಕ್ಷೆಯಲ್ಲಿ ರಾಜಿ ಬೇಡ. ಕಾಯಿ ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು, ಬೀಜ ಬಾಗದೆ ಚಟ್ಟೆಂದು ಎರಡಾಗಬೇಕು. ತೇವಮಾಪಕದಲ್ಲಿ ಬೀಜ ಶೇ. 8ರೊಳಗೆ ಇರಲಿ. ಹಸಿರು-ಹಳದಿ ಬೂಷ್ಟು ಕಂಡರೆ ಆರಿಸಿ ತೆಗೆಯುವ ಯೋಚನೆ ಬಿಟ್ಟು ಇಡೀ ಲಾಟ್ ಬಿಡಿ. ಆ ಬೂಷ್ಟಿನ ಅಫ್ಲಟಾಕ್ಸಿನ್ ವಿಷ ಗಾಣದ ಎಣ್ಣೆಗೂ ಇಳಿಯುತ್ತದೆ, ರಿಫೈನ್ ಮಾಡದ ಎಣ್ಣೆಯಿಂದ ಅದು ಹೋಗುವುದಿಲ್ಲ. ನಮ್ಮ ಮಕ್ಕಳೂ ಅದೇ ಎಣ್ಣೆಯ ಒಗ್ಗರಣೆ ತಿನ್ನುತ್ತಾರೆ.

ಹಬ್ಬದ ಗಿರಾಕಿಗೆ ಎಣ್ಣೆ ಹಬ್ಬದಲ್ಲಿ ತೆಗೆಯುವುದಲ್ಲ, ಆಷಾಢದಿಂದ ಕೂಡಿಡುವುದು. ಐದು ಬ್ಯಾಚಿಗೆ ದಿನಕ್ಕೆ 41 ಲೀಟರ್ ಬಂದು 35 ಲೀಟರ್ ಮಾರಿದರೆ 6 ಉಳಿಯುತ್ತದೆ. 50 ಕೆಲಸದ ದಿನಕ್ಕೆ 300 ಲೀಟರ್. ಗಸಿ ಪೂರ್ತಿ ತೆಗೆದು, ಡ್ರಮ್ಮನ್ನು ಕಂಠದವರೆಗೆ ತುಂಬಿ, ಬೆಳಕು ಬೀಳದ ಕಡೆ ಇಡಿ. ಅರ್ಧ ಖಾಲಿ ಡ್ರಮ್ಮಿನಲ್ಲಿ ಗಾಳಿ ಆಡಿ ಎಣ್ಣೆ ಬೇಗ ಕಮಟುತ್ತದೆ. ಈ ದಾಸ್ತಾನು ಇದ್ದರೆ ಆಯುಧಪೂಜೆಯ ದಿನ ಗಾಣಕ್ಕೆ ಪೂಜೆ ಮಾಡಿ ನಿಲ್ಲಿಸಬಹುದು, ದೀಪಾವಳಿಗೆ ಮೂರು ದಿನ ಶಟರ್ ಎಳೆಯಬಹುದು.

ತಾರೀಖು, ದುಡ್ಡು, ನೆಂಟರು

ಹೊಸ ಕ್ಯಾಲೆಂಡರ್ ಬಂದ ಕೂಡಲೇ ಮನೆಯ ದಿನಗಳನ್ನು ಮೊದಲು ಕೆಂಪಿನಲ್ಲಿ ಬರೆಯುತ್ತೇವೆ: ಮಕ್ಕಳ ಪರೀಕ್ಷೆ, ಹಿರಿಯರ ಆಸ್ಪತ್ರೆಯ ದಿನ, ಮನೆದೇವರ ಜಾತ್ರೆ. ಊರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷ ಮನೆತುಂಬ ನೆಂಟರು, ಕೆಲಸದವರೂ ಬರುವುದಿಲ್ಲ, ಗಾಣ ನಿಲ್ಲುವುದು ಖಚಿತವೆಂದೇ ಲೆಕ್ಕಕ್ಕೆ ಹಿಡಿಯಿರಿ. ಮಾರ್ಚ್‌ನಲ್ಲಿ ನಾಯಕನಹಟ್ಟಿ ತೇರಿನ ಸುತ್ತಮುತ್ತ ಚಳ್ಳಕೆರೆ ಕಡೆಯಿಂದ ಸರಕು ತರಿಸುವ ಯೋಚನೆ ಬೇಡ.

ಆಮೇಲೆ ತೆರಿಗೆಯ ತಾರೀಖು. ವಹಿವಾಟು ಒಂದೂವರೆ ಕೋಟಿಯೊಳಗಿದ್ದು ಹೊರರಾಜ್ಯಕ್ಕೆ ಮಾರದವರು ಜಿಎಸ್‌ಟಿ ಕಾಂಪೋಸಿಷನ್ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ) ತೆಗೆದುಕೊಂಡರೆ ತಯಾರಕರಿಗೆ ತೆರಿಗೆ ವಹಿವಾಟಿನ ಶೇ. 1. ತಿಂಗಳಿಗೆರಡು ರಿಟರ್ನ್ ಬದಲು ಮೂರು ತಿಂಗಳಿಗೊಂದು ಸಿಎಂಪಿ-08 (ತೆರಿಗೆ ಕಟ್ಟುವ ಫಾರಂ), ತಾರೀಖು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ 18. ವರ್ಷಕ್ಕೊಂದು ರಿಟರ್ನ್, ಜಿಎಸ್‌ಟಿಆರ್-4, ಜೂನ್ 30ರೊಳಗೆ. ಇದರಲ್ಲಿ ನೀವು ಕಟ್ಟಿದ ತೆರಿಗೆ ಗಿರಾಕಿಗೆ ಹಿಂದಕ್ಕೆ ಸಿಗುವುದಿಲ್ಲ ಎಂಬ ಅಳುಕು ಬೇಡ. ಶೇ. 5ರ ಜಿಎಸ್‌ಟಿ ಕಟ್ಟುವ ಹೋಟೆಲಿನವರಿಗೆ ಹೇಗೂ ಇನ್‌ಪುಟ್ ಕ್ರೆಡಿಟ್ (ಕೊಂಡ ಸರಕಿನ ಮೇಲಿನ ತೆರಿಗೆಯನ್ನು ತಾವು ಕಟ್ಟುವುದರಲ್ಲಿ ಕಳೆದುಕೊಳ್ಳುವ ಅವಕಾಶ) ಇಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ (ವಹಿವಾಟಿನ ಗೊತ್ತಾದ ಶೇಕಡಾವಾರನ್ನೇ ಲಾಭವೆಂದು ಹಿಡಿದು) ಆದಾಯ ತೆರಿಗೆ ಕಟ್ಟುವವರಿಗೆ ಮುಂಗಡ ತೆರಿಗೆ ಒಂದೇ ಕಂತು, ಮಾರ್ಚ್ 15. ಅಕ್ಟೋಬರ್ 18 ಹಬ್ಬದ ನಡುವೆ, ಮಾರ್ಚ್ 15 ಪರೀಕ್ಷೆಯ ನಡುವೆ ಬರುತ್ತದೆ. ಎರಡಕ್ಕೂ ಕಾಗದಪತ್ರ ಹತ್ತು ದಿನ ಮುಂಚೆ ಲೆಕ್ಕಿಗರ ಕೈಸೇರಲಿ.

ತಿಂಗಳ 5ಕ್ಕೆ ಕರೆಂಟ್ ಅಕೌಂಟಿನಿಂದ ಮನೆಯ ಖಾತೆಗೆ ಗೊತ್ತುಮಾಡಿದ ಸಂಬಳ ಹೋಗುತ್ತದೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ಗಲ್ಲಾಪೆಟ್ಟಿಗೆಯಿಂದ ತರಕಾರಿಗೆ ನೂರು ರೂಪಾಯಿ ತೆಗೆಯುವ ರೂಢಿ ಬಂದರೆ ಲಾಭ ಎಷ್ಟೆಂದು ತಿಳಿಯುವುದೇ ಇಲ್ಲ, ಗಂಡ ಹೆಂಡಿರ ಮಾತಿಗೆ ಅಲ್ಲಿಂದಲೇ ಕಿಡಿ. ಮನೆಗೆ ಒಯ್ಯುವ ಎಣ್ಣೆಯನ್ನೂ ಪುಸ್ತಕದಲ್ಲಿ ಬರೆಯಿರಿ.

ನೆಂಟರಿಗೆ ದರ ಎಲ್ಲರಂತೆಯೇ. ದೀಪಾವಳಿಗೆ ಮನೆಗೊಂದು ಲೀಟರ್ ಉಡುಗೊರೆ ಕೊಡುತ್ತೇವೆ, ಅದನ್ನು ಮನಸಾರೆ. ಉದ್ರಿ ಒಂದು ತಿಂಗಳು, ಹಿಂದಿನದು ತೀರದೆ ಹೊಸದಿಲ್ಲ. "ನಮ್ಮವರೇ ಅಲ್ವೇನೋ, ಆಮೇಲೆ ಕೊಡ್ತೀನಿ ಬಿಡು" ಅನ್ನುವ ಚಿಕ್ಕಪ್ಪನಿಗೂ ನಗುನಗುತ್ತಲೇ "ಬರೆದಿಟ್ಟಿದ್ದೀನಿ ಚಿಕ್ಕಪ್ಪ, ಒಂದನೇ ತಾರೀಖಿಗೆ ನೆನಪು ಮಾಡ್ತೀನಿ" ಅನ್ನಬೇಕು. ಬರೆಯದೆ ಬಿಟ್ಟ ಉದ್ರಿ ಮದುವೆ ಮನೆಯಲ್ಲಿ ಮುಖ ತಿರುಗಿಸಿಕೊಂಡು ಹೋಗುವಂತೆ ಮಾಡುತ್ತದೆ.

ಗಾಣದ ಮಾತನ್ನು ಊಟದ ಹೊತ್ತಿಗೆ ತರುವುದಿಲ್ಲ. ನೆನಪಾದದ್ದು ಚೀಟಿಗೆ ಹೋಗುತ್ತದೆ, ಸೋಮವಾರ ಬೆಳಿಗ್ಗೆ 9ಕ್ಕೆ ಅರ್ಧ ಗಂಟೆ ಇಬ್ಬರೂ ಕೂತು ತೀರ್ಮಾನ. ಖರೀದಿ, ಸಾಲದ ಮಾತು ಒಬ್ಬರದು, ಎಣ್ಣೆಯ ಗುಣಮಟ್ಟ, ಗಿರಾಕಿ ಇನ್ನೊಬ್ಬರದು. ಕೊನೆಯ ಮಾತು ಯಾರದೆಂದು ಮೊದಲೇ ಗೊತ್ತಿದ್ದರೆ ವಾದ ಬೆಳೆಯುವುದಿಲ್ಲ.

ವರ್ಷಕ್ಕೊಂದು ವಾರ ರಜೆ

ವರ್ಷಕ್ಕೊಮ್ಮೆ ಮೇ ಎರಡನೇ ವಾರ ಗಾಣ ಪೂರ್ತಿ ಬಂದ್. ಉಪ್ಪಿನಕಾಯಿಗೆ ಎಣ್ಣೆ ಕೊಳ್ಳುವವರ ಮುಖ್ಯ ಗಿರಾಕಿ ಅಷ್ಟರಲ್ಲಿ ಮುಗಿದಿರುತ್ತದೆ, ಶಾಲೆ ಇನ್ನೂ ತೆರೆದಿರುವುದಿಲ್ಲ. ಸವೆದ ಒನಕೆಯನ್ನು ಬಡಗಿಯ ಕೈಗೆ ಕೊಡುವುದೂ ಆಗಲೇ. ಹದಿನೈದು ದಿನ ಮುಂಚೆ ಬೋರ್ಡ್ ಹಾಕಿ, ಹೋಟೆಲಿನವರಿಗೆ ಖುದ್ದಾಗಿ ಹೇಳಿ ಬೇಕಾದಷ್ಟು ಮೊದಲೇ ಕೊಟ್ಟುಬಿಡಿ.

ಹೊರಡುವ ಮುನ್ನ ಒರಳಿಗೆ ಎರಡು ಮೂರು ಕೆ.ಜಿ. ಒಣ ಹಿಂಡಿ ಹಾಕಿ ಹತ್ತು ನಿಮಿಷ ತಿರುಗಿಸಿ. ಮರದಲ್ಲಿ ಉಳಿದ ಎಣ್ಣೆಯನ್ನು ಅದು ಎಳೆದುಕೊಳ್ಳುತ್ತದೆ. ಹಾಗೇ ಬಿಟ್ಟರೆ ಬೇಸಗೆಯ ಝಳಕ್ಕೆ ಆ ಎಣ್ಣೆ ಕೆಟ್ಟು ಒರಳೇ ನಾರುತ್ತದೆ. ಒಣಬಟ್ಟೆಯಿಂದ ಒರೆಸಿ, ನೀರು ತಾಗಿಸಬೇಡಿ, ಮರ ಸೀಳುತ್ತದೆ. ಬೆಲ್ಟ್ ಸಡಿಲಿಸಿ, ಹಿಂಡಿಯ ಒಂದು ಚೀಲವೂ ಉಳಿಯದಂತೆ ಮಾರಿ. ವಾಪಸ್ ಬಂದ ದಿನ ಮೊದಲ ಬ್ಯಾಚ್ 10 ಕೆ.ಜಿ. ಮಾತ್ರ ಹಾಕಿ, ಅದರ ಎಣ್ಣೆಯನ್ನು ಮಾರಾಟದ ಡ್ರಮ್ಮಿಗೆ ಸೇರಿಸಬೇಡಿ. ಎರಡನೆಯದರಿಂದ ಎಂದಿನ ತೂಕ.