ಚಾರ್ಟಿನ ಬಲ ಅಂಚು

ಷೇರು ಬೆಲೆಯ ಚಾರ್ಟನ್ನು ಓದಲು ಬರುತ್ತದೆ ಎಂದು ನನಗೆ ಮೊದಲ ಸಲ ಅನ್ನಿಸಿದಾಗ ನಾನು ನಿಜವಾಗಿ ಓದುತ್ತಿದ್ದುದು ಅದರ ಎಡಭಾಗವನ್ನು ಮಾತ್ರ. ಐದು ವರ್ಷಗಳ ಚಾರ್ಟನ್ನು ಮುಂದಿಟ್ಟುಕೊಂಡರೆ ಏರಿಕೆ ಎಲ್ಲಿ ಶುರುವಾಯಿತು, ಎಲ್ಲಿ ದಣಿಯಿತು, ಯಾವ ವಾರ ಮಾರಬೇಕಿತ್ತು ಎಂಬುದೆಲ್ಲ ಕಣ್ಣಿಗೆ ಹೊಡೆದಂತೆ ಕಾಣುತ್ತಿತ್ತು. ಆದರೆ ಕೊಳ್ಳುವ ಅಥವಾ ಮಾರುವ ತೀರ್ಮಾನವನ್ನು ಯಾರೂ ಚಾರ್ಟಿನ ನಡುವೆ ನಿಂತು ಮಾಡುವುದಿಲ್ಲ. ಅದನ್ನು ಮಾಡಬೇಕಾದದ್ದು ಬಲ ಅಂಚಿನಲ್ಲಿ, ಕೊನೆಯ ಕ್ಯಾಂಡಲ್‌ನ (ಒಂದು ದಿನದ ಅಥವಾ ಒಂದು ವಾರದ ಬೆಲೆಯ ಏರಿಳಿತವನ್ನು ತೋರಿಸುವ ಪುಟ್ಟ ಕಂಬದ) ಪಕ್ಕದಲ್ಲಿ. ಅದರಾಚೆ ಇರುವುದು ಖಾಲಿ ಜಾಗ.

ಆ ಅಂಚಿನಲ್ಲಿ ನಾನು ಮೊದಲು ಎಡವಿದ್ದು ಟ್ರೆಂಡ್ ರೇಖೆಯ ವಿಷಯದಲ್ಲಿ. ಏರುತ್ತಿದ್ದ ಷೇರೊಂದರ ಎರಡು ತಗ್ಗುಗಳನ್ನು ಸೇರಿಸಿ ರೇಖೆ ಎಳೆದು, ಬೆಲೆ ಮೂರನೆಯ ಸಲ ಅದನ್ನು ಮುಟ್ಟಿದಾಗ ಕೊಂಡೆ. ಬೆಲೆ ರೇಖೆಯನ್ನು ಮುರಿದು ಕೆಳಗಿಳಿಯಿತು. ನಾನು ತಪ್ಪೊಪ್ಪಿಕೊಳ್ಳುವ ಬದಲು, ಹೊಸ ತಗ್ಗನ್ನೂ ಒಳಗೊಳ್ಳುವಂತೆ ರೇಖೆಯನ್ನು ಸ್ವಲ್ಪ ಓರೆಯಾಗಿ ಮತ್ತೆ ಎಳೆದೆ. ಹೀಗೆ ಮೂರು ಸಲ ಎಳೆದ ಮೇಲೆ ನನ್ನ ರೇಖೆ ಬೆಲೆಯನ್ನು ಅಳೆಯುತ್ತಿರಲಿಲ್ಲ, ಬೆಲೆಯ ಬೆನ್ನ ಹಿಂದೆ ಓಡುತ್ತಿತ್ತು. ಯಾವ ಎರಡು ಬಿಂದುಗಳ ನಡುವೆಯೂ ಒಂದು ಸರಳರೇಖೆ ಇದ್ದೇ ಇರುತ್ತದೆ ಎಂಬ ಶಾಲೆಯ ರೇಖಾಗಣಿತದ ಪಾಠ ಆ ನಷ್ಟದ ನಂತರವಷ್ಟೇ ನೆನಪಾಯಿತು. ಮೂರನೆಯ ಸ್ಪರ್ಶ ರೇಖೆಗೆ ಪರೀಕ್ಷೆ. ನಾನು ಅದನ್ನು ಭರವಸೆ ಎಂದು ಓದಿದ್ದೆ.

ಆಮೇಲೆ ನಾನು ಹಿಡಿದ ದಾರಿ ತೀರಾ ಸಾಮಾನ್ಯವಾದದ್ದು. ವಾರಕ್ಕೊಂದು ಕ್ಯಾಂಡಲ್ ಇರುವ ಹಳೆಯ ಚಾರ್ಟುಗಳನ್ನು ಹೆಸರು ಮತ್ತು ದಿನಾಂಕ ಕಾಣದಂತೆ ಮುದ್ರಿಸಿಕೊಂಡು, ಬಲಭಾಗವನ್ನು ಒಂದು ರಟ್ಟಿನಿಂದ ಮುಚ್ಚಿ, ರಟ್ಟನ್ನು ಒಂದೊಂದೇ ಕ್ಯಾಂಡಲ್‌ನಷ್ಟು ಸರಿಸುತ್ತ ಹೋದೆ. ಪ್ರತಿ ಸಲ ಸರಿಸುವ ಮೊದಲು ‘ಏರುಗತಿ’, ‘ಇಳಿಗತಿ’, ‘ಗೊತ್ತಿಲ್ಲ’ ಎಂಬ ಮೂರರಲ್ಲಿ ಒಂದನ್ನು ಬರೆಯಬೇಕು, ಬರೆದದ್ದನ್ನು ಅಳಿಸುವಂತಿಲ್ಲ. ಮೊದಲ ಹತ್ತು ಚಾರ್ಟುಗಳಲ್ಲಿ ‘ಗೊತ್ತಿಲ್ಲ’ ಎಂದು ಬರೆದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಅಷ್ಟೊಂದು ಖಚಿತತೆ ನನಗೆ ಎಲ್ಲಿಂದ ಬಂದಿತ್ತೋ!

ಏರುಗತಿ ಎಂದರೇನು ಎಂಬುದಕ್ಕೆ ನಾನು ಇಟ್ಟುಕೊಂಡ ಅಳತೆ ಹಳೆಯದೇ. 1896ರಲ್ಲಿ ತನ್ನ ಹೆಸರಿನ ಕೈಗಾರಿಕಾ ಷೇರು ಸೂಚ್ಯಂಕವನ್ನು ಪ್ರಕಟಿಸತೊಡಗಿದ ಅಮೆರಿಕದ ಪತ್ರಕರ್ತ ಚಾರ್ಲ್ಸ್ ಡೌ ಅವರ ಬರಹಗಳಿಂದ ಬೆಳೆದು ಬಂದ ಆಲೋಚನೆ ಅದು: ಪ್ರತಿ ಹೊಸ ಶಿಖರ ಹಿಂದಿನ ಶಿಖರಕ್ಕಿಂತ ಎತ್ತರದಲ್ಲಿ, ಪ್ರತಿ ಹೊಸ ತಗ್ಗು ಹಿಂದಿನ ತಗ್ಗಿಗಿಂತ ಮೇಲೆ ಇರುವವರೆಗೆ ಏರುಗತಿ. ಓದಲು ಇಷ್ಟು ಸುಲಭವಾದ ಮಾತು ರಟ್ಟಿನ ಅಂಚಿನಲ್ಲಿ ಎಷ್ಟು ಕಷ್ಟಕ್ಕೆ ಸಿಕ್ಕಿಸುತ್ತದೆ ಎಂಬುದನ್ನು ಒಂದು ಚಾರ್ಟಿನಿಂದಲೇ ಹೇಳಬೇಕು. ಅದರಲ್ಲಿ ಬೆಲೆ 100ರಿಂದ 112ಕ್ಕೆ ಏರಿ, 106ಕ್ಕೆ ಇಳಿದು, 119ಕ್ಕೆ ಹೋಗಿ, 111ಕ್ಕೆ ಬಂದಿತ್ತು. ಇಲ್ಲಿಯವರೆಗೆ ಗೊಂದಲವಿಲ್ಲ. ಅಲ್ಲಿಂದ 116ಕ್ಕೆ ಏರಿದಾಗ ನಾನು ‘ಏರುಗತಿ’ ಎಂದೇ ಬರೆದೆ; ಮುಂದಿನ ಎರಡು ವಾರ ಬೆಲೆ ಮೆತ್ತಗಾದಾಗಲೂ ಹಾಗೆಯೇ ಬರೆದೆ. 116 ಎಂಬುದು 119ಕ್ಕಿಂತ ತಗ್ಗಿನ ಶಿಖರವಾಗಿ ಆಗಲೇ ನಿಂತಿತ್ತು, ಆದರೆ ನನ್ನ ಕಣ್ಣು ಇನ್ನೂ ಹಿಂದಿನ ಏರಿಕೆಯ ಮೇಲೇ ಇತ್ತು. ಬಳಿಕ ವಾರದ ಮುಕ್ತಾಯ 109ರಲ್ಲಾಯಿತು, ಅಂದರೆ 111ರ ತಗ್ಗು ಮುರಿಯಿತು. ಆಗ ‘ಗೊತ್ತಿಲ್ಲ’ ಎಂದು ಬರೆದೆ. ಅಲ್ಲಿಂದ ಬೆಲೆ 114ಕ್ಕೆ ಮರಳಿದಾಗ ಮನಸ್ಸಿಗೆ ಸಮಾಧಾನವಾಗಿ ಮತ್ತೆ ‘ಏರುಗತಿ’ ಎಂದು ಬರೆದುಬಿಟ್ಟೆ. ರಟ್ಟು ಇನ್ನಷ್ಟು ಸರಿದಾಗ ಕಂಡದ್ದು 102. ತಗ್ಗು ಮುರಿದ ನಂತರದ ಆ ಪುಟ್ಟ ಏರಿಕೆಯಷ್ಟು ನನ್ನನ್ನು ಮೋಸಗೊಳಿಸಿದ್ದು ಚಾರ್ಟಿನಲ್ಲಿ ಬೇರೊಂದಿಲ್ಲ.

ಈ ಅಭ್ಯಾಸದಿಂದ ತಿಳಿದ ಇನ್ನೊಂದು ಸಂಗತಿಯೆಂದರೆ, ಶಿಖರ ಶಿಖರವಾಗಿದ್ದಾಗ ಅದು ಶಿಖರವೆಂದು ಗೊತ್ತಾಗುವುದಿಲ್ಲ. ಎರಡೂ ಬದಿಯ ಎರಡೆರಡು ವಾರಗಳ ಗರಿಷ್ಠ ಬೆಲೆ ತಗ್ಗಾಗಿದ್ದರೆ ಮಾತ್ರ ಶಿಖರವೆಂದು ಗುರುತು ಹಾಕುವ ನಿಯಮ ಮಾಡಿಕೊಂಡೆ. ಅದರ ಅರ್ಥ, ನನ್ನ ಪ್ರತಿ ಗುರುತೂ ಎರಡು ವಾರ ತಡ. ಆ ತಡವನ್ನು ತಪ್ಪಿಸಲು ವಾರವನ್ನು ಬಿಟ್ಟು ದಿನದ ಚಾರ್ಟಿಗೆ, ಅಲ್ಲಿಂದ ಗಂಟೆಯ ಚಾರ್ಟಿಗೆ ಇಳಿದು ನೋಡಿದ ಕಾಲವೂ ಇತ್ತು. ತಡ ಕಡಿಮೆಯಾಯಿತು, ಸುಳ್ಳು ಶಿಖರಗಳು ಹೆಚ್ಚಾದವು. ಈಗ ವಾರದ ಚಾರ್ಟಿನಲ್ಲಿ ಗತಿಯನ್ನು ತೀರ್ಮಾನಿಸಿ, ದಿನದ ಚಾರ್ಟನ್ನು ಕೊಳ್ಳುವ ಹೊತ್ತನ್ನು ಆರಿಸಲು ಮಾತ್ರ ತೆರೆಯುತ್ತೇನೆ.

ಅಳತೆಪಟ್ಟಿಯ ವಿಷಯವನ್ನು ನಾನು ಬಹಳ ಕಾಲ ಕಡೆಗಣಿಸಿದ್ದೆ. ಒಂದು ಷೇರು ವರ್ಷ ವರ್ಷಕ್ಕೆ 20, 40, 80, 120, 160 ಎಂದು ಏರಿತ್ತು. ಸಾಮಾನ್ಯ ಸ್ಕೇಲಿನಲ್ಲಿ ಕೊನೆಯ ಮೂರು ವರ್ಷಗಳ ಏರಿಕೆ ಸಮನಾಗಿ, ಗೆರೆ ಹಿಡಿದಂತೆ ನೇರವಾಗಿ ಕಾಣುತ್ತಿತ್ತು. ಅದನ್ನೇ ನಾನು ಬಲವಾದ ಏರುಗತಿ ಎಂದು ಓದಿದೆ. ಸಮನಾದ ಶೇಕಡಾವಾರು ಏರಿಕೆಯನ್ನು ಸಮನಾದ ಎತ್ತರವಾಗಿ ತೋರಿಸುವ ಲಾಗ್ ಸ್ಕೇಲಿಗೆ ಬದಲಿಸಿದಾಗ ಅದೇ ಬೆಲೆ ಬಾಗಿದ ಬಿಲ್ಲಿನಂತೆ ಚಪ್ಪಟೆಯಾಗುತ್ತಿತ್ತು, ಏಕೆಂದರೆ ಶೇಕಡಾವಾರು ಲೆಕ್ಕದಲ್ಲಿ ಏರಿಕೆ 100, 100, 50, 33 ಎಂದು ಸೊರಗುತ್ತ ಬಂದಿತ್ತು. ದೀರ್ಘಾವಧಿಯ ಚಾರ್ಟಿನಲ್ಲಿ ಈ ವ್ಯತ್ಯಾಸ ಇನ್ನೂ ವಿಚಿತ್ರವಾಗುತ್ತದೆ. ಡೌ ಸೂಚ್ಯಂಕ 1929ರ ಸೆಪ್ಟೆಂಬರಿನ 381ರಿಂದ 1932ರ ಜುಲೈನಲ್ಲಿ 41ಕ್ಕೆ ಕುಸಿದು, ಹಳೆಯ ಮಟ್ಟವನ್ನು ಮತ್ತೆ ಮುಟ್ಟಿದ್ದು 1954ರಲ್ಲಿ. ಶೇಕಡಾ 89ರಷ್ಟು ಮೌಲ್ಯವನ್ನು ನುಂಗಿದ ಆ ಕುಸಿತ ಇಂದಿನವರೆಗಿನ ಸಾಮಾನ್ಯ ಸ್ಕೇಲಿನ ಚಾರ್ಟಿನಲ್ಲಿ ಕಾಣಿಸುವುದೇ ಇಲ್ಲ. ಟ್ರೆಂಡ್ ರೇಖೆ ಮುರಿಯಿತೋ ಇಲ್ಲವೋ ಎಂಬುದೂ ಸ್ಕೇಲಿನ ಮೇಲೆ ನಿಂತಿರುವುದರಿಂದ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ನಾನು ಲಾಗ್ ಸ್ಕೇಲನ್ನೇ ಬಳಸುತ್ತೇನೆ.

ಮೂವಿಂಗ್ ಆವರೇಜ್, ಅಂದರೆ ಕಳೆದ ಇಂತಿಷ್ಟು ದಿನಗಳ ಬೆಲೆಗಳ ಸರಾಸರಿಯ ಗೆರೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 200 ದಿನಗಳ ಸರಳ ಸರಾಸರಿ ಒಂದೇ ವೇಗದಲ್ಲಿ ಏರುವ ಬೆಲೆಯಲ್ಲಿ ಸುಮಾರು 100 ವಹಿವಾಟು ದಿನಗಳ ಹಿಂದಿನ ಬೆಲೆಯನ್ನು ತೋರಿಸುತ್ತಿರುತ್ತದೆ ಎಂಬುದು ನೆನಪಿದ್ದರೆ ಅದರಿಂದ ಏನನ್ನು ನಿರೀಕ್ಷಿಸಬಾರದು ಎಂಬುದು ತಾನಾಗಿ ತಿಳಿಯುತ್ತದೆ. ವಾಲ್ಯೂಮ್ ಅನ್ನು, ಅಂದರೆ ಕೈ ಬದಲಾಯಿಸಿದ ಷೇರುಗಳ ಸಂಖ್ಯೆಯನ್ನು, ತಗ್ಗು ಮುರಿದ ವಾರದಲ್ಲಿ ಮಾತ್ರ ನೋಡುತ್ತೇನೆ.

ನನ್ನ ಆತ್ಮವಿಶ್ವಾಸಕ್ಕೆ ದೊಡ್ಡ ಪೆಟ್ಟು ಬಿದ್ದದ್ದು ನಾಣ್ಯದಿಂದ. ಯಾದೃಚ್ಛಿಕ ಸಂಖ್ಯೆಗಳನ್ನು ಕೂಡಿಸುತ್ತ ಹೋದರೆ ಷೇರು ಚಾರ್ಟನ್ನೇ ಹೋಲುವ ಚಿತ್ರ ಮೂಡುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಹ್ಯಾರಿ ರಾಬರ್ಟ್ಸ್ 1959ರಲ್ಲೇ ತೋರಿಸಿದ್ದರು. ಓದಿ ನಂಬಲಾಗದೆ ನಾನೇ ನಾಣ್ಯವನ್ನು 250 ಸಲ ಚಿಮ್ಮಿ, ತಲೆ ಬಿದ್ದರೆ ಶೇಕಡಾ 1 ಏರಿಕೆ, ಬಾಲ ಬಿದ್ದರೆ ಶೇಕಡಾ 1 ಇಳಿಕೆ ಎಂದು ಗುರುತಿಸಿದೆ. ಬಂದ ಚಿತ್ರದಲ್ಲಿ ಇಳಿಕೆ ಮತ್ತೆ ಮತ್ತೆ ನಿಲ್ಲುವ ಮಟ್ಟ (ಸಪೋರ್ಟ್) ಇತ್ತು, ಏರಿಕೆ ಮತ್ತೆ ಮತ್ತೆ ತಡೆಯುವ ಮಟ್ಟ (ರೆಸಿಸ್ಟೆನ್ಸ್) ಇತ್ತು, ಮೂರು ಸಲ ಮುಟ್ಟಿದ ಸುಂದರ ಟ್ರೆಂಡ್ ರೇಖೆಯೂ ಇತ್ತು. ಅಂಥ ಐದು ಚಾರ್ಟುಗಳನ್ನು ನಿಜವಾದ ಐದರೊಡನೆ ಬೆರೆಸಿ, ಕೆಲವು ವಾರ ಬಿಟ್ಟು ನಾನೇ ಬೇರ್ಪಡಿಸಲು ಹೋದಾಗ ಆರನ್ನು ಸರಿಯಾಗಿ ಗುರುತಿಸಿದೆ, ಅಂದರೆ ಕಣ್ಣುಮುಚ್ಚಿ ಆರಿಸುವುದಕ್ಕಿಂತ ಹೆಚ್ಚೇನಲ್ಲ. ಹಾಗೆಂದು ನಾನು ಚಾರ್ಟನ್ನು ಬಿಡಲಿಲ್ಲ. ಮುಂದೇನಾಗುತ್ತದೆ ಎಂದು ಅದನ್ನು ಕೇಳುವುದನ್ನು ಬಿಟ್ಟು, ಯಾವ ಬೆಲೆಗೆ ನನ್ನ ಓದು ತಪ್ಪೆಂದು ಒಪ್ಪಿಕೊಳ್ಳಬೇಕು ಎಂದು ಕೇಳತೊಡಗಿದೆ.

ಚಾರ್ಟನ್ನು ಓದುವ ಮೊದಲು ಅದು ಸರಿಯಾದ ಚಾರ್ಟೇ ಎಂದು ನೋಡಬೇಕು ಎಂಬುದನ್ನೂ ಪೇಚಿಗೆ ಸಿಕ್ಕಿಯೇ ಕಲಿತೆ. ಒಂದು ಬೆಳಿಗ್ಗೆ 500ರಲ್ಲಿದ್ದ ಷೇರು 100ಕ್ಕೆ ಬಿದ್ದಂತೆ ಕಂಡು ಎದೆ ಧಸಕ್ಕೆಂದಿತು. ನಡೆದದ್ದು ಒಂದು ಷೇರನ್ನು ಐದಾಗಿಸಿದ ವಿಭಜನೆ. ಹಳೆಯ ಬೆಲೆಗಳನ್ನು ಅದಕ್ಕೆ ತಕ್ಕಂತೆ ಹೊಂದಿಸದ ಚಾರ್ಟು ನನ್ನ ಮುಂದಿತ್ತು.

ಈಗ ವಾರಾಂತ್ಯಕ್ಕೊಮ್ಮೆ ಕುಳಿತು ಒಂದು ಹಾಳೆಯನ್ನು ತುಂಬುತ್ತೇನೆ. ಅದರಲ್ಲಿ ಕೊನೆಯ ಶಿಖರ, ಕೊನೆಯ ತಗ್ಗು, ನನ್ನ ಓದು ಮತ್ತು ಆ ಓದನ್ನು ಸುಳ್ಳಾಗಿಸುವ ಬೆಲೆ ಎಂಬ ನಾಲ್ಕು ಅಂಕಣಗಳಿವೆ. ನಾಲ್ಕನೆಯದನ್ನು ಮೊದಲು ತುಂಬುತ್ತೇನೆ, ಏಕೆಂದರೆ ಮೂರನೆಯದನ್ನು ಬರೆದ ಮೇಲೆ ಕೈ ಆ ಅಂಕಿಯನ್ನು ಒಂದಿಷ್ಟು ಕೆಳಗೆ ತಳ್ಳಲು ನೋಡುತ್ತದೆ. ಈ ವಾರದ ಹಾಳೆಯಲ್ಲಿ ಏಳು ಹೆಸರುಗಳಿವೆ; ಎರಡರ ಮುಂದೆ ‘ಏರುಗತಿ’, ಒಂದರ ಮುಂದೆ ‘ಇಳಿಗತಿ’, ಉಳಿದ ನಾಲ್ಕರ ಮುಂದೆ ‘ಗೊತ್ತಿಲ್ಲ’ ಎಂದಿದೆ.