ಜಾಲತಾಣದ ಕನ್ನಡ ಅಂಧ ಓದುಗರಿಗೂ ತಲುಪುವಂತೆ ಮಾಡುವುದು ಹೇಗೆ?

ಅಂಧ ಓದುಗರು ಜಾಲತಾಣವನ್ನು ಓದುವುದು ಕಿವಿಯಿಂದ. ಗಣಕದಲ್ಲಿ ಎನ್‌ವಿಡಿಎ, ಆಂಡ್ರಾಯ್ಡ್ ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಮುಂತಾದ ಸ್ಕ್ರೀನ್ ರೀಡರ್‌ಗಳು ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತವೆ.

ಮೊದಲು, ಪುಟದ ಕೋಡ್ ಶುರುವಾಗುವ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಕನ್ನಡವೆಂದು, ಅಂದರೆ 'ಕೆಎನ್' (kn) ಎಂಬ ಸಂಕೇತವನ್ನು, ನಮೂದಿಸಿ.

ಬಹುತೇಕರು ಎಡವುವುದು ಎರಡನೆಯ ಹಂತದಲ್ಲಿ. 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಮಾಡಿದ ಹಳೆಯ ಕಡತಗಳಲ್ಲಿ ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿರುವುದರಿಂದ, ಕಣ್ಣಿಗೆ ಕನ್ನಡವಾಗಿ ಕಾಣುವುದು ಸ್ಕ್ರೀನ್ ರೀಡರ್ ಬಾಯಲ್ಲಿ ಅರ್ಥವಿಲ್ಲದ ಗೊಣಗಾಟವಾಗುತ್ತದೆ. ಆದ್ದರಿಂದ ಪಠ್ಯವನ್ನು ಪರಿವರ್ತಕದ ಮೂಲಕ, ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತವಿರುವ ಯುನಿಕೋಡ್‌ಗೆ ತರಬೇಕು. ತಂದ ಮೇಲೆ ಅರ್ಕಾವತ್ತನ್ನು, ಅಂದರೆ 'ರ್' ಸೂಚಿಸುವ ಒತ್ತನ್ನು, ಪರೀಕ್ಷಿಸಲೇಬೇಕು. ಕಳಪೆ ಪರಿವರ್ತಕಗಳು 'ವರ್ಷ'ವನ್ನು 'ವಷರ್' ಮಾಡುತ್ತವೆ. 'ರ್' ಎಂದು ಕೊನೆಯಾಗುವ ಪದಗಳನ್ನು ಹುಡುಕಿ ಒಂದೊಂದಾಗಿ ತಿದ್ದಿ. 'ಮೇಯರ್', 'ಕಂಪ್ಯೂಟರ್' ಕೂಡ ಹಾಗೆಯೇ ಕೊನೆಯಾಗುವುದರಿಂದ ಎಲ್ಲವನ್ನೂ ಒಮ್ಮೆಲೇ ಬದಲಿಸುವ ಆತುರ ಬೇಡ. ಇದಕ್ಕಿಂತ ಕಪಟವಾದ ದೋಷ ಬೆರಳಚ್ಚಿನದು: ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನೂ ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನೂ ಒತ್ತುವವರಿದ್ದಾರೆ. ಒಂದು ಕಚೇರಿಯ ಆಹ್ವಾನವನ್ನು ಹೀಗೆ ಕೇಳಿಸಿಕೊಂಡಾಗ, 'ಕಾಯ೯ಕ್ರಮ' ಎಂದು ಅಚ್ಚಾಗಿದ್ದ ಪದ ನನ್ನ ಕಿವಿಗೆ 'ಕಾಯ ಒಂಬತ್ತು ಕ್ರಮ' ಎಂದು ಬಿತ್ತು. ಪುಟದಲ್ಲಿ ೯ ಮತ್ತು ೦ ಎಲ್ಲೆಲ್ಲಿವೆಯೆಂದು ಹುಡುಕಿ, ನಿಜವಾದ ಅಂಕಿಗಳನ್ನಷ್ಟೇ ಉಳಿಸಿ.

ಈ ರಗಳೆ ಬೇಡವೆಂದು ಪ್ರಕಟಣೆಯ ಫೋಟೊ ತೆಗೆದು ಏರಿಸುವ ಅಡ್ಡದಾರಿ ಎಲ್ಲಕ್ಕಿಂತ ಕೆಟ್ಟದ್ದು. ಚಿತ್ರ ಹಾಕಲೇಬೇಕಿದ್ದರೆ ಅದರಲ್ಲಿರುವ ದಿನಾಂಕ, ಸ್ಥಳ, ಶುಲ್ಕಗಳನ್ನು ಕೆಳಗೆ ಪಠ್ಯವಾಗಿಯೂ ಕೊಡಿ. ಚಿತ್ರಕ್ಕೆ ಕೊಡುವ ಬದಲಿ ಪಠ್ಯದಲ್ಲಿ (ಚಿತ್ರದ ಬದಲು ಸ್ಕ್ರೀನ್ ರೀಡರ್ ಓದಿ ಹೇಳುವ ವಿವರ) 'ಫೋಟೊ 1' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. 'ಬೆಳೆ ವಿಮೆ ಅರ್ಜಿ ಪ್ರಕಟಣೆ, ವಿವರ ಕೆಳಗಿದೆ' ಎಂದರೆ ಸಾಕು. ಬರಿಯ ಅಲಂಕಾರದ ಚಿತ್ರಕ್ಕೆ ಬದಲಿ ಪಠ್ಯವನ್ನು ಖಾಲಿ ಬಿಡಿ.

ಅಲ್ಪಸ್ವಲ್ಪ ಕಾಣುವವರಿಗಾಗಿ ಪಠ್ಯಕ್ಕೂ ಹಿನ್ನೆಲೆಗೂ ಬಣ್ಣದ ಅಂತರ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಲಿ, ಪ್ರತಿ ಗುಂಡಿಯೂ ಟ್ಯಾಬ್ ಕೀಲಿಗೆ ಸಿಗಲಿ.

ಪುಟದ ಮೂಲೆಯಲ್ಲಿ ಮನುಷ್ಯನ ಚಿಹ್ನೆ ತೂಗುಹಾಕಿ, ಒಂದೇ ಸಾಲಿನ ಕೋಡ್‌ನಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವ ವಿಜೆಟ್‌ಗಳಿಗೆ ಹಣ ಸುರಿಯಬೇಡಿ. ಅವು ಅಕ್ಷರವನ್ನು ದೊಡ್ಡದು ಮಾಡಬಲ್ಲವು, ಬಣ್ಣ ಬದಲಿಸಬಲ್ಲವು, 'ಕಾಯ೯ಕ್ರಮ'ವನ್ನು ತಿದ್ದಲಾರವು.

ಕೊನೆಗೆ, ಉಚಿತವಾಗಿ ಸಿಗುವ ಎನ್‌ವಿಡಿಎಯನ್ನು ಅಳವಡಿಸಿ, ಕನ್ನಡ ಧ್ವನಿಯನ್ನು ಆಯ್ದುಕೊಂಡು, ಪರದೆಯನ್ನು ಆರಿಸಿಬಿಟ್ಟು, ಕೀಲಿಮಣೆಯಿಂದಷ್ಟೇ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕವನ್ನು ಹುಡುಕಿ ನೋಡಿ. ಅದು ಸಿಗದಿದ್ದರೆ ಎರಡನೆಯ ಹಂತಕ್ಕೆ ಮರಳಿ.