ಕಾಸರಗೋಡು ಪೇಟೆಯ ಬಾನಂಚನ್ನು ವರ್ಷವಿಡೀ ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಚಂದ್ರಗಿರಿ ಕೋಟೆಗೆ ಕ್ಯಾಮೆರಾ ಹೊತ್ತು ಬರುವವರನ್ನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಮಳೆಗಾಲದಲ್ಲೊಮ್ಮೆ, ದೀಪಾವಳಿಯ ಆಸುಪಾಸಿನಲ್ಲೊಮ್ಮೆ, ಸೆಕೆಗಾಲದಲ್ಲೊಮ್ಮೆ ಬಂದು ಪೇಟೆಯ ಚಿತ್ರ ತೆಗೆಯುತ್ತಾರೆ. ವರ್ಷದ ಕೊನೆಗೆ ಮೂರನ್ನೂ ಅಕ್ಕಪಕ್ಕ ಇಟ್ಟಾಗ ಋತು ಬದಲಾದದ್ದಕ್ಕಿಂತ ತಾವು ನಿಂತ ಜಾಗ ಬದಲಾದದ್ದೇ ಎದ್ದು ಕಾಣುತ್ತದೆ. ಈ ಲೇಖನದ ಹೆಚ್ಚಿನ ಭಾಗವನ್ನು ಆ ಒಂದು ತಪ್ಪಿಗೇ ಮೀಸಲಿಡುತ್ತೇನೆ.

ಮೊದಲು ಜಾಗ. ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೋಟೆ ಚಂದ್ರಗಿರಿ ಹೊಳೆಯ ದಕ್ಷಿಣ ದಡದ ಎತ್ತರದಲ್ಲಿದ್ದು, ಪೇಟೆ ಉತ್ತರಕ್ಕೂ ಕಡಲು ಪಶ್ಚಿಮಕ್ಕೂ ಇರುವುದರಿಂದ ಸಂಜೆಯ ಬೆಳಕು ಯಾವಾಗಲೂ ಎಡಗಡೆಯಿಂದಲೇ ಬೀಳುತ್ತದೆ. ಸೇತುವೆಯ ಮೇಲೆ ನಿಂತು ತೆಗೆಯುವ ಸುಲಭದ ದಾರಿ ಹಿಡಿಯಬೇಡಿ. ಲಾರಿಯೊಂದು ದಾಟಿದರೂ ಸೇತುವೆ ನಡುಗಿ, ಅರ್ಧ ಸೆಕೆಂಡಿನ ಚಿತ್ರವೂ ಕಲಸಿಹೋಗುತ್ತದೆ. ರೈಲು ಸೇತುವೆಗೆ ಹತ್ತುವುದು ಅಪರಾಧ, ಆ ಮಾತು ಅಲ್ಲಿಗೇ ಮುಗಿಯಿತು.

ಎರಡನೆಯದು ಲೆನ್ಸ್. ನಮ್ಮ ಪೇಟೆಯ ಬಾನಂಚು ತೆಳ್ಳಗಿನದು: ತೆಂಗಿನ ತಲೆಗಳ ಒಂದು ಸಾಲು, ಅದರ ಮೇಲೆ ಅಲ್ಲಲ್ಲಿ ತಲೆಯೆತ್ತಿದ ಕೆಲವು ಮಹಡಿಗಳು, ಮೊಬೈಲ್ ಟವರುಗಳು. ಅಗಲ ಕೋನದ ಲೆನ್ಸಿನಲ್ಲಿ ಇದು ಹೊಳೆಗೂ ಆಕಾಶಕ್ಕೂ ನಡುವೆ ಎಳೆದ ನೂಲಿನಂತಾಗುತ್ತದೆ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 50ರಿಂದ 85 ಮಿ.ಮೀ., ಸಣ್ಣ ಸೆನ್ಸರಿನದರಲ್ಲಿ 35ರಿಂದ 55 ಮಿ.ಮೀ. ಸಾಕು. ಜೂಮ್ ಆಗದ ಲೆನ್ಸ್ ಇದ್ದರೆ ಅದನ್ನೇ ಬಳಸಿ. ಜೂಮ್ ಲೆನ್ಸಿನ ಉಂಗುರ ಪ್ರತಿ ಸಲವೂ ಕೂದಲೆಳೆಯಷ್ಟು ಬೇರೆ ಕಡೆ ನಿಲ್ಲುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಉಂಗುರವನ್ನು ಅದರ ಒಂದು ಕೊನೆಗೆ ಪೂರ್ತಿ ತಿರುಗಿಸಿಯೇ ತೆಗೆಯಿರಿ.

ಮೂರನೆಯದು, ಎಲ್ಲರೂ ಎಡವುವ ಹಂತ: ಹೋದ ಸಲ ಕ್ಯಾಮೆರಾ ಇದ್ದ ಜಾಗಕ್ಕೇ ಅದನ್ನು ಮತ್ತೆ ತರುವುದು. ಮೊಬೈಲಿನ ಜಿಪಿಎಸ್ ಗುರುತು ನಂಬಿಕೊಂಡರೆ ಕೆಲವು ಮೀಟರುಗಳಷ್ಟು ಆಚೀಚೆಯಾಗುತ್ತದೆ. ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಕಲ್ಲಿಗೆ ಬಣ್ಣ ಬಳಿದು ಗುರುತು ಮಾಡುವಂತಿಲ್ಲ, ಮಾಡಲೂಬಾರದು. ನಾನು ಗೋಡೆಯ ಮೂಲೆಯಿಂದ ಮುರಕಲ್ಲುಗಳನ್ನು ಎಣಿಸಿ, ಏಳನೆಯ ಕಲ್ಲಿನ ನೇರಕ್ಕೆ ಟ್ರೈಪಾಡಿನ ಮುಂಗಾಲು ಬರುವಂತೆ ಇಡುತ್ತೇನೆ. ಕ್ಯಾಮೆರಾದ ಕೆಳಗೆ ಕಬ್ಬಿಣದ ನಟ್ಟೊಂದನ್ನು ದಾರದಲ್ಲಿ ಇಳಿಬಿಟ್ಟು, ಅದು ನೆಲ ಮುಟ್ಟುವ ಅಳತೆಗೆ ದಾರಕ್ಕೆ ಗಂಟು ಹಾಕಿಕೊಂಡಿದ್ದೇನೆ. ಎತ್ತರಕ್ಕೂ ನಿಂತ ಬಿಂದುವಿಗೂ ಆ ಒಂದು ದಾರವೇ ಸಾಕ್ಷಿ.

ಇಷ್ಟಾದ ಮೇಲೆ ಕಣ್ಣಿನ ಪರೀಕ್ಷೆ. ಹತ್ತಿರದ ಒಂದು ಅಂಚು, ದೂರದ ಒಂದು ಅಂಚು, ಇವೆರಡೂ ಒಂದಕ್ಕೊಂದು ತಾಗಿದಂತೆ ಕಾಣುವ ಜೋಡಿಯೊಂದನ್ನು ಮೊದಲ ಚಿತ್ರದಲ್ಲೇ ಆರಿಸಿಕೊಳ್ಳಬೇಕು. ಹತ್ತು ಮೀಟರ್ ದೂರದ ಗೋಡೆಯಂಚನ್ನು ಒಂದು ಗೇಣು ಪಕ್ಕಕ್ಕೆ ಸರಿದು ನೋಡಿದರೆ, ಹಿಂದಿನ ಪೇಟೆಯ ಮೇಲೆ ಅದು ಎರಡು ಚಂದ್ರಬಿಂಬಗಳಷ್ಟಾದರೂ ಜರಗಿದಂತೆ ಕಾಣುತ್ತದೆ. ಹೀಗೆ ಜೋಡಿ ತಪ್ಪಿದಾಗ ಹೆಚ್ಚಿನವರು ಟ್ರೈಪಾಡಿನ ತಲೆಯನ್ನು ತಿರುಗಿಸುತ್ತಾರೆ. ತಿರುಗಿಸಿದರೆ ಇಡೀ ಚಿತ್ರ ಸರಿಯುತ್ತದೆಯೇ ಹೊರತು ಜೋಡಿಯ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಜರುಗಬೇಕಾದದ್ದು ಕಾಲು. ಹತ್ತಿರದ ಅಂಚು ಎಡಕ್ಕೆ ಹೋಗಿದ್ದರೆ ನೀವು ಬಲಕ್ಕೆ ಹೋಗಿದ್ದೀರಿ ಎಂದು ಅರ್ಥ. ಟ್ರೈಪಾಡನ್ನೇ ಎತ್ತಿ ಎಡಕ್ಕೆ ಇಡಿ. ಜಾಗ ಸರಿಹೋದ ಮೇಲಷ್ಟೇ ತಲೆಯನ್ನು ತಿರುಗಿಸಿ ಚೌಕಟ್ಟು ಕೂರಿಸಬೇಕು. ಮೊದಲ ಚಿತ್ರದ ಒಂದು ಪ್ರಿಂಟು ಚೀಲದಲ್ಲಿರಲಿ, ಅದರ ಮೂಲೆಗಳಲ್ಲಿ ಏನೇನಿದೆ ಎಂದು ಪೆನ್ನಿನಲ್ಲಿ ವೃತ್ತ ಹಾಕಿಟ್ಟಿರಲಿ.

ಜೋಡಿಯನ್ನು ಆರಿಸುವಾಗಲೂ ಎಚ್ಚರ ಬೇಕು. ದೂರದ ಗುರುತಾಗಿ ನಾನು ಮೊದಲು ಒಂದು ಮನೆಯ ತಾರಸಿಯ ಕಪ್ಪು ನೀರಿನ ಟಾಂಕಿಯನ್ನು ಹಿಡಿದಿದ್ದೆ. ಎರಡನೆಯ ವರ್ಷ ಏನು ಮಾಡಿದರೂ ಚಿತ್ರ ಹೊಂದಲಿಲ್ಲ. ಮೂರು ಸಂಜೆ ಹಾಳಾದ ಮೇಲೆ ಮನೆಯವರು ಟಾಂಕಿಯನ್ನೇ ತಾರಸಿಯ ಇನ್ನೊಂದು ಮೂಲೆಗೆ ಸಾಗಿಸಿದ್ದಾರೆಂದು ತಿಳಿಯಿತು. ತೆಂಗಿನಮರವೂ ಬೇಡ, ಅದು ಬೆಳೆಯುತ್ತದೆ, ಗಾಳಿಗೆ ಬಾಗುತ್ತದೆ. ಕಾಂಕ್ರೀಟಿನ ಕಟ್ಟಡದ ಮೂಲೆಯೇ ವಾಸಿ.

ನಾಲ್ಕನೆಯದು ಋತುಗಳ ಲೆಕ್ಕ. ನಮ್ಮ ಅಕ್ಷಾಂಶ ಸುಮಾರು 12.5 ಡಿಗ್ರಿ, ಇಲ್ಲಿ ಸೂರ್ಯ ಡಿಸೆಂಬರಿನಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ತೆಂಕಕ್ಕೂ ಜೂನಿನಲ್ಲಿ ಅಷ್ಟೇ ಬಡಗಕ್ಕೂ ಮುಳುಗುತ್ತಾನೆ. ಹಾಗಾಗಿ ಡಿಸೆಂಬರಿನ ಸಂಜೆ ಬೆಳಕು ನಿಮ್ಮ ಎಡ ಹೆಗಲ ಹಿಂದಿನಿಂದ ಬಂದು ಪೇಟೆಯ ಗೋಡೆಗಳನ್ನು ಬೆಳಗಿದರೆ, ಜೂನಿನಲ್ಲಿ ಮೋಡ ಬಿಟ್ಟುಕೊಟ್ಟ ದಿನ ಅದೇ ಬೆಳಕು ಎಡಮುಂದಿನಿಂದ ಓರೆಯಾಗಿ ಬಂದು ಲೆನ್ಸಿಗೆ ತಾಗುತ್ತದೆ. ಆಗ ಲೆನ್ಸಿನ ಬಾಯಿಗೆ ನೆರಳು ಕೊಡುವ ಹುಡ್ ಕಡ್ಡಾಯ. ಏಪ್ರಿಲ್ ಕೊನೆಯ ಹಾಗೂ ಆಗಸ್ಟ್ ಮೂರನೆಯ ವಾರಗಳ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ಹೊತ್ತಿನಲ್ಲಿ ಮನೆಯಲ್ಲಿ ಮಲಗುವುದು ಲೇಸು.

ಮಾರ್ಚ್, ಏಪ್ರಿಲಿನ ಆಕಾಶ ಹಾಲು ಕಲಸಿದ ನೀರಿನಂತಿರುತ್ತದೆ. ಮುಂಗಾರಿಗೆ ಮೊದಲಿನ ಒಂದು ಮಳೆ ಬಿದ್ದು ಧೂಳು ಅಡಗಿದ ಮರುದಿನದ ಬೆಳಗನ್ನು ಕಾಯಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಸುರಿಯುವಾಗ ತೆಗೆದ ಚಿತ್ರದಲ್ಲಿ ಬೂದಿ ಬಣ್ಣವಲ್ಲದೆ ಬೇರೇನೂ ಸಿಗದು. ಒಂದು ಮಳೆ ಬಿಟ್ಟು ಇನ್ನೊಂದು ಕಡಲಿನಿಂದ ಏರಿ ಬರುವ ನಡುವಿನ ಹತ್ತು ನಿಮಿಷ ಇದೆಯಲ್ಲ, ಆಟಿ ತಿಂಗಳ (ಜುಲೈ-ಆಗಸ್ಟಿನ) ಚಿತ್ರ ಅಲ್ಲಿದೆ: ಪೇಟೆ ತೊಳೆದಿಟ್ಟ ಪಾತ್ರೆಯ ಹಾಗೆ, ಹಿಂದೆ ಕರಿ ಗೋಡೆಯಂಥ ಮೋಡ. ಕ್ಯಾಮೆರಾ ಆ ಕಪ್ಪನ್ನು ಬೂದಿಯಾಗಿಸಲು ನೋಡುತ್ತದೆ. ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಮಾಡಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ). ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಕಾಲ ಅಕ್ಟೋಬರ್. ಮಧ್ಯಾಹ್ನದ ಮೇಲೆ ಪೂರ್ವದಲ್ಲಿ ಘಟ್ಟದ ಮೇಲೆ ಎದ್ದ ಮೋಡಗಳು ಸಂಜೆಯ ಬಿಸಿಲಿಗೆ ತಾಮ್ರದಂತೆ ಹೊಳೆಯುತ್ತವೆ. ಆದರೆ ಗುಡುಗು ಕೇಳಿಸಿತೆಂದರೆ ಕೋಟೆಯ ಮೇಲಿಂದ ಕೂಡಲೇ ಇಳಿಯಿರಿ. ಬಯಲಿನ ಎತ್ತರದಲ್ಲಿ ಲೋಹದ ಟ್ರೈಪಾಡಿನ ಪಕ್ಕ ನಿಲ್ಲುವ ಹುಂಬತನ ಬೇಡ.

ಸೆಟ್ಟಿಂಗ್ ವಿಚಾರ ಸರಳ: ಐಎಸ್ಒ 100, ಅಪರ್ಚರ್ ಎಫ್ 8, ರಾ ಫೈಲ್ (ಕ್ಯಾಮೆರಾ ತಿದ್ದಿ ಕುಗ್ಗಿಸದ ಮೂಲ ಫೈಲ್), ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸ್ ಪ್ರತಿ ಸಲವೂ ಬಿಸಿಲಿನ ಗುರುತಿನಲ್ಲೇ. ಅದನ್ನು ಆಟೋದಲ್ಲಿ ಬಿಟ್ಟರೆ ಋತುವಿನ ಬಣ್ಣವನ್ನು ಕ್ಯಾಮೆರಾವೇ ಅಳಿಸಿಬಿಡುತ್ತದೆ. ದೀಪ ಹೊತ್ತಿದ ಪೇಟೆಯ ಚಿತ್ರ ಬೇಕಿದ್ದವರು ಸೂರ್ಯ ಮುಳುಗಿದ ಹದಿನೈದನೆಯ ನಿಮಿಷದಿಂದ ಮೂವತ್ತನೆಯ ನಿಮಿಷದೊಳಗೆ ತೆಗೆಯಬೇಕು. ಕೋಟೆ ಮುಚ್ಚುವ ಹೊತ್ತನ್ನು ಕಾವಲಿನವರಲ್ಲಿ ಮೊದಲೇ ಕೇಳಿಕೊಳ್ಳಿ. ಆಗದಿದ್ದರೆ ಚೆಮ್ನಾಡಿನ ಹೊಳೆದಡದಲ್ಲಿ ಇನ್ನೊಂದು ಜಾಗ ಗುರುತಿಸಿ, ಅಲ್ಲಿಗೂ ಹೊಸ ದಾರ, ಹೊಸ ಜೋಡಿ. ಮೊಬೈಲ್ ಆ್ಯಪಿನಲ್ಲಿ ಆಕಾಶವನ್ನೇ ಬದಲಿಸುವವರು ಈ ಲೇಖನ ಓದಬೇಕಾಗಿಲ್ಲ.

ಕೊನೆಯದು ಉಪಕರಣದ ಆರೈಕೆ. ಅಗ್ಗದ ಮಳೆಕವಚಗಳು ಹೊಲಿಗೆಯಲ್ಲೇ ಸೋರುತ್ತವೆ. ದಪ್ಪ ಪ್ಲಾಸ್ಟಿಕ್ ತೊಟ್ಟೆಯೂ ಎರಡು ರಬ್ಬರ್ ಬ್ಯಾಂಡುಗಳೂ ಅವಕ್ಕಿಂತ ಮೇಲು. ಎ.ಸಿ. ಕಾರಿನಿಂದ ಇಳಿದವರು ಕ್ಯಾಮೆರಾವನ್ನು ಇಪ್ಪತ್ತು ನಿಮಿಷ ಚೀಲದೊಳಗೇ ಬಿಡಬೇಕು, ಇಲ್ಲವಾದರೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ಕಡಲಗಾಳಿಯ ಉಪ್ಪನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಮೊದಲು ಗಾಳಿ ಊದಿ, ಅನಂತರ ಸಿಹಿನೀರಲ್ಲಿ ತುಸು ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಮರದ ಕಪಾಟು ಬೂಷ್ಟಿನ ತವರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಲೆನ್ಸ್ ಇಡಿ. ನೀಲಿ ಹರಳಿನ ಜೆಲ್ ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿಮಾಡಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಅಕ್ಕಿಯಲ್ಲಿ ಹೂತಿಡುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಅಕ್ಕಿಯ ಹುಡಿ ಲೆನ್ಸಿನ ಉಂಗುರದೊಳಗೆ ಸೇರಿಕೊಳ್ಳುತ್ತದೆ.